ಆಟದ ಕಷ್ಟ ಅರಿತು ಅಂಗಡಿಗೆ ಹೋಗಿ: ಆನ್‌ಲೈನ್ ಆಟಗಳಲ್ಲಿ ಹಣ ಕೊಡುವ ಬಗೆ

ಹಲವರು ಕೂಡಿ ಆಡುವ ಆನ್‌ಲೈನ್ ಆಟಗಳಲ್ಲಿ ಹಣ ಕೈಬಿಟ್ಟು ಹೋಗುವುದು ನಾನು ಕಂಡಂತೆ ಸೋತ ಮರುಗಳಿಗೆಯಲ್ಲಿ. ಸಾಲಾಗಿ ನಾಲ್ಕು ಪಂದ್ಯ ಸೋತ ಬೇಸರದಲ್ಲಿ ಇರುವಾಗ ತೆರೆಯ ಮೇಲೆ ರಿಯಾಯಿತಿಯ ಚೌಕವೊಂದು ಮೂಡುತ್ತದೆ, ಬೆರಳು ಅದನ್ನು ಒತ್ತುತ್ತದೆ, ಯುಪಿಐ ಪಿನ್ ಹಾಕಿ ಮುಗಿಸುವುದಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ. ಕೊಂಡ ವಸ್ತುವಿಗೂ ಆ ಸೋಲಿಗೂ ಏನಾದರೂ ಸಂಬಂಧವಿದೆಯೇ ಎಂಬ ಪ್ರಶ್ನೆ ಏಳುವುದು ಆಮೇಲೆ. ವರ್ಷಗಳಿಂದ ಇಂಥ ಆಟಗಳನ್ನು ಆಡುತ್ತ, ಮನೆಯ ಮಕ್ಕಳಿಗೂ ಗೆಳೆಯರಿಗೂ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುತ್ತ ಬಂದ ನನಗೆ ಮನದಟ್ಟಾಗಿರುವುದು ಇಷ್ಟು: ಆಟ ನಿಮಗೆ ಎಲ್ಲಿ ಕಷ್ಟವಾಗುತ್ತಿದೆ, ಆ ಕಷ್ಟ ಯಾವ ಬಗೆಯದು ಎಂದು ಗೊತ್ತಾದ ಮೇಲೆಯೇ ಆಟದೊಳಗಿನ ಅಂಗಡಿಯ ಪುಟ ತೆರೆಯಬೇಕು. ಅಂಗಡಿ ಮಾರುವ ವಸ್ತು ಕೆಲವು ಕಷ್ಟಗಳನ್ನು ಮಾತ್ರ ನೀಗಿಸಬಲ್ಲದು. ಉಳಿದವಕ್ಕೆ ಅದು ಮದ್ದೇ ಅಲ್ಲ.

ಕಷ್ಟ ಯಾವ ಬಗೆಯದು

ಕೈ ಪಳಗದ ಕಷ್ಟವನ್ನು ಗುರುತಿಸುವುದು ಸುಲಭ. ವ್ಯಾಲರಂಟ್ ಆಟದಲ್ಲಿ ಎದುರಾಳಿಯ ತಲೆಯ ಎತ್ತರಕ್ಕೆ ಗುರಿ ಹಿಡಿಯಲು ಇನ್ನೂ ಬಾರದವರು ವ್ಯಾಂಡಲ್ ಬಂದೂಕಿಗೆ ಎಷ್ಟೇ ದುಬಾರಿ ಸ್ಕಿನ್ ಹಾಕಿದರೂ ಗುರಿ ತಪ್ಪುತ್ತಲೇ ಇರುತ್ತದೆ. ಆ ಆಟದಲ್ಲಿ ಸ್ಕಿನ್ ಎಂದರೆ ಬಂದೂಕಿನ ಬಣ್ಣ, ಸದ್ದು ಮತ್ತು ಕೊನೆಯ ಹೊಡೆತದ ಅಲಂಕಾರ. ಗುಂಡಿನ ಏಟು ಅದರಿಂದ ಎಳ್ಳಷ್ಟೂ ಹೆಚ್ಚುವುದಿಲ್ಲ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುವವರಿಗೆ ಇದೇ ಕಷ್ಟ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಬ್ರಾಂಜ್, ಸಿಲ್ವರ್ ಮಟ್ಟದ ಪಂದ್ಯಗಳಲ್ಲಿ ಮನುಷ್ಯರ ನಡುವೆ ಯಂತ್ರವೇ ಆಡಿಸುವ ಬಾಟ್‌ಗಳೂ ಸಾಕಷ್ಟು ಇರುತ್ತವೆ. ಮೇಲಿನ ಮಟ್ಟಗಳಿಗೆ ಏರಿದಂತೆ ಎದುರಿಗೆ ನಿಜವಾದ, ಅದೂ ಪಳಗಿದ ಆಟಗಾರರು ಹೆಚ್ಚುತ್ತಾರೆ. ನಿನ್ನೆಯವರೆಗೆ ಒಂದು ಪಂದ್ಯಕ್ಕೆ ಹತ್ತು ಕಿಲ್ ತೆಗೆಯುತ್ತಿದ್ದ ಹುಡುಗನಿಗೆ ಡೈಮಂಡ್ ಮಟ್ಟ ತಲುಪಿದ ವಾರದಲ್ಲಿ ಎರಡು ಕಿಲ್ ಸಿಕ್ಕುವುದೂ ಕಷ್ಟವಾದರೆ, ಅವನು ತನ್ನ ಬಂದೂಕಿನಲ್ಲಿ ಏನೋ ಕೊರತೆಯಿದೆ ಎಂದು ಭಾವಿಸುತ್ತಾನೆ. ಕೊರತೆ ಬಂದೂಕಿನಲ್ಲಿಲ್ಲ, ಎದುರಾಳಿ ಬದಲಾಗಿದ್ದಾನೆ. ಟ್ರೈನಿಂಗ್ ಗ್ರೌಂಡ್‌ಗೆ ಹೋಗಿ ದಿನಕ್ಕೆ ಹದಿನೈದು ನಿಮಿಷ ಎಂ416 ಬಂದೂಕು ಹಿಡಿದು, ನಿಂತ ಗೊಂಬೆಗೆ ಒಂದು ಮ್ಯಾಗಜೀನ್ ಪೂರ್ತಿ ಖಾಲಿ ಮಾಡುತ್ತ, ಬಂದೂಕಿನ ಒದೆತ (ರಿಕಾಯಿಲ್) ಮೇಲಕ್ಕೆಳೆಯುವಾಗ ಹೆಬ್ಬೆರಳನ್ನು ಎಷ್ಟು ಕೆಳಗೆಳೆಯಬೇಕು ಎಂದು ಗಮನಿಸಿ, ಬೆರಳಿನ ಚಲನೆಗೆ ಗುರಿ ಎಷ್ಟು ಸರಿಯಬೇಕೆಂದು ಹೇಳುವ ಸೆನ್ಸಿಟಿವಿಟಿಯ ಅಂಕಿಗಳನ್ನು ಒಂದೊಂದಾಗಿ ಬದಲಿಸಿ ನೋಡಿದರೆ ಎರಡು ವಾರದಲ್ಲಿ ಕಾಣುವ ವ್ಯತ್ಯಾಸವನ್ನು ಅಂಗಡಿಯ ಯಾವ ಕ್ರೇಟ್ (ಬಹುಮಾನದ ಪೆಟ್ಟಿಗೆ) ಕೂಡ ಕೊಡಲಾರದು.

ಕಾಯಿಸುವ ಕಷ್ಟ ಬೇರೆ. ಇಲ್ಲಿ ನಿಮ್ಮ ಕೈಯಲ್ಲಿ ದೋಷವಿಲ್ಲ; ಆಟವೇ ಬೇಕೆಂದು ನಿಮ್ಮನ್ನು ನಿಲ್ಲಿಸುತ್ತದೆ. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ಹೊರತಂದ ಕ್ಲಾಶ್ ಆಫ್ ಕ್ಲಾನ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ನೀವು ಕಟ್ಟುವ ಊರಿನ ಮುಖ್ಯ ಕಟ್ಟಡವಾದ ಟೌನ್ ಹಾಲ್‌ನ ಮಟ್ಟ ಏರಿದಂತೆ ಒಂದೊಂದು ಕಟ್ಟಡವನ್ನು ಏರಿಸಲು ದಿನಗಟ್ಟಲೆ ಬೇಕು, ಹಣಕ್ಕೂ ಸಿಗುವ ಆಟದ ನಾಣ್ಯವಾದ ಜೆಮ್ ಕೊಟ್ಟರೆ ಮಾತ್ರ ಆ ಕ್ಷಣವೇ ಮುಗಿಯುತ್ತದೆ. ಹೊಸಬರು ಕೈಗೆ ಬಂದ ಜೆಮ್‌ಗಳನ್ನೆಲ್ಲ ಹೀಗೆ ಕಾಯುವ ಹೊತ್ತನ್ನು ಕಡಿಮೆ ಮಾಡಿಕೊಳ್ಳುವುದಕ್ಕೆ ಸುರಿದುಬಿಡುತ್ತಾರೆ. ಹಳೆಯ ಆಟಗಾರರು ಹಾಗೆ ಮಾಡುವುದಿಲ್ಲ. ಅವರು ಜೆಮ್‌ಗಳನ್ನು ಮೊದಲು ಕಟ್ಟಡ ಕಟ್ಟುವ ಬಿಲ್ಡರ್‌ಗಳಿಗೆ ಮೀಸಲಿಡುತ್ತಾರೆ. ಮೂರನೆಯ ಬಿಲ್ಡರ್‌ಗೆ 500, ನಾಲ್ಕನೆಯವನಿಗೆ 1,000, ಐದನೆಯವನಿಗೆ 2,000, ಒಟ್ಟು 3,500 ಜೆಮ್. ಅಚೀವ್‌ಮೆಂಟ್‌ಗಳಿಂದ ಸಿಗುವುದು, ಊರೊಳಗೆ ಬೆಳೆದ ಮರ, ಪೊದೆ, ಕಲ್ಲುಗಳನ್ನು ತೆಗೆದಾಗ ಸಿಗುವುದು, ಆಗಾಗ ಕಾಣಿಸಿಕೊಳ್ಳುವ ಜೆಮ್ ಬಾಕ್ಸ್‌ನಿಂದ ಬರುವ 25, ಇವೆಲ್ಲವನ್ನೂ ಕೂಡಿಡುತ್ತ ಹೋದರೆ ಒಂದು ರೂಪಾಯಿಯನ್ನೂ ಕೊಡದೆ ಐವರನ್ನೂ ಪಡೆಯಬಹುದು, ಮತ್ತು ಒಮ್ಮೆ ಬಂದ ಬಿಲ್ಡರ್ ಆಟ ಇರುವವರೆಗೂ ನಿಮ್ಮವನು. ಇದಕ್ಕೆ ಎದುರಾಗಿ, ಸೈನ್ಯ ಸಿದ್ಧವಾಗುವುದನ್ನು ಕಾಯಲಾರದೆ ವರ್ಷಗಟ್ಟಲೆ ಜೆಮ್ ಸುರಿದವರಿಗೆ ಏನಾಯಿತು ನೋಡಿ: 2025ರಲ್ಲಿ ಕಂಪನಿ ಸೈನ್ಯ ತಯಾರಿಯ ಕಾಯುವಿಕೆಯನ್ನೇ ಆಟದಿಂದ ತೆಗೆದುಹಾಕಿತು. ಹೊತ್ತು ಉಳಿಸಲೆಂದು ಕೊಳ್ಳುವುದೆಲ್ಲ ಹೀಗೆ ಕಂಪನಿಯ ಒಂದು ಅಪ್‌ಡೇಟ್‌ಗೆ ಕಟ್ಟುಬಿದ್ದದ್ದು ಎಂಬುದು ಕೊಳ್ಳುವಾಗ ನೆನಪಿರಬೇಕು.

ಅದೇ ಆಟದಲ್ಲಿ ಹಣದಿಂದ ಕಷ್ಟ ಹೆಚ್ಚುವ ದಾರಿಯೂ ಒಂದಿದೆ. ಜೆಮ್ ಕೊಟ್ಟು ಟೌನ್ ಹಾಲನ್ನು ಬೇಗಬೇಗ ಏರಿಸಿ, ಗೋಡೆ, ಫಿರಂಗಿ, ಬಿಲ್ಲುಗೋಪುರಗಳನ್ನು ಹಿಂದೆಯೇ ಬಿಟ್ಟರೆ ಅದನ್ನು ಆಟಗಾರರು ರಶ್ ಎನ್ನುತ್ತಾರೆ. ಕೆಳಮಟ್ಟದ ಟೌನ್ ಹಾಲ್‌ನ ಊರಿಗೆ ದಾಳಿ ಮಾಡಿದರೆ ಆಟ ಲೂಟಿಯನ್ನು ಕಡಿತ ಮಾಡುತ್ತದೆ. ಸಮಾನ ಮಟ್ಟದ ಊರಿನ ಮೇಲೆ ಹೋದರೆ ನಿಮ್ಮ ಸೈನ್ಯ ಸಾಲುವುದಿಲ್ಲ. ಹಣ ಕೊಟ್ಟು ಏರಿದ ಮೆಟ್ಟಿಲಿನ ಮೇಲೆ ನಿಂತು ಕೆಳಗೂ ಇಲ್ಲ, ಮೇಲೂ ಇಲ್ಲ ಎಂಬ ಸ್ಥಿತಿ ಅದು.

ಕಾಯಿಸುವ ಕಷ್ಟವನ್ನು ಅಂಗಡಿಗಾಗಿಯೇ ಹೆಣೆದ ಪ್ರಸಿದ್ಧ ಪ್ರಸಂಗ 2017ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟದ್ದು. ಪೂರ್ತಿ ಬೆಲೆ ಕೊಟ್ಟು ಕೊಂಡವರೂ ಡಾರ್ತ್ ವೇಡರ್‌ನಂಥ ಪಾತ್ರವನ್ನು ಆಡಬೇಕಾದರೆ 60,000 ಕ್ರೆಡಿಟ್ ಗಳಿಸಬೇಕಿತ್ತು. ಅದಕ್ಕೆ ಸುಮಾರು 40 ಗಂಟೆ ಆಡಬೇಕೆಂದು ಆಟಗಾರರು ಲೆಕ್ಕ ಹಾಕಿ ತೋರಿಸಿದರು. ಆಕ್ರೋಶ ಎಷ್ಟಿತ್ತೆಂದರೆ ಕಂಪನಿ ಆ ಬೆಲೆಯನ್ನು 15,000ಕ್ಕೆ ಇಳಿಸಿತು, ಬಿಡುಗಡೆಯ ಹೊತ್ತಿಗೆ ಹಣ ಕೊಟ್ಟು ಕೊಳ್ಳುವ ಅಂಗಡಿಯನ್ನೇ ಸ್ಥಗಿತಗೊಳಿಸಿತು. ಹೊಸ ಆಟವೊಂದನ್ನು ನೋಡುವಾಗ ನೀವೂ ಇದೇ ಲೆಕ್ಕ ಹಾಕಬಹುದು: ಒಂದು ಗಂಟೆ ಆಡಿದರೆ ಎಷ್ಟು ನಾಣ್ಯ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ, ನಿಮಗೆ ಬೇಕಾದ ವಸ್ತುವಿನ ಬೆಲೆಯನ್ನು ಅದರಿಂದ ಭಾಗಿಸಿ. ಉತ್ತರ ಹತ್ತು ಗಂಟೆಯೊಳಗಿದ್ದರೆ ಆಡಿಯೇ ಗಳಿಸಿ. ನೂರು ಗಂಟೆ ಬಂದರೆ ಆ ಆಟ ನಿಮ್ಮನ್ನು ಆಟಗಾರರೆಂದು ನೋಡುತ್ತಿಲ್ಲ, ಗಿರಾಕಿ ಎಂದು ನೋಡುತ್ತಿದೆ.

ಇನ್ನು ನೆಟ್‌ನ ಕಷ್ಟ. ಆಟ ನಡೆಸುವ ಸರ್ವರ್ ಮುಂಬೈಯಲ್ಲಿದ್ದರೆ ಕರ್ನಾಟಕದಿಂದ ಆಡುವವರಿಗೆ ಪಿಂಗ್, ಅಂದರೆ ಮಾಹಿತಿ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು, ಕಡಿಮೆ ಇರುತ್ತದೆ, ಸಿಂಗಪುರ ಅಥವಾ ಯುರೋಪಿನಲ್ಲಿದ್ದರೆ ಏರುತ್ತ ಹೋಗುತ್ತದೆ. ವ್ಯಾಲರಂಟ್‌ಗೆ ಮುಂಬೈ ಸರ್ವರ್ ಇದೆ. ಎಲ್ಲ ಆಟಗಳಿಗೂ ಇಲ್ಲ. ನೀವು ಗುಂಡು ಹಾರಿಸಿದ ಮೇಲೂ ಎದುರಾಳಿ ಗೋಡೆಯ ಮರೆಗೆ ಸರಿದು ಬದುಕಿಕೊಂಡನೆಂದರೆ ಮೊದಲು ಪಿಂಗ್‌ನ ಅಂಕಿಯನ್ನು ನೋಡಿ, ಮನೆಯವರೆಲ್ಲ ವೈಫೈಯಲ್ಲಿ ವಿಡಿಯೊ ನೋಡುವ ಹೊತ್ತಿಗೂ ಬೆಳಗಿನ ಹೊತ್ತಿಗೂ ಅದನ್ನು ಹೋಲಿಸಿ. ಕಂಪ್ಯೂಟರ್‌ಗೆ ನೇರವಾಗಿ ಕೇಬಲ್ ಹಾಕುವುದಕ್ಕೆ ತಗಲುವ ಕೆಲವು ನೂರು ರೂಪಾಯಿ ಆಟದ ಅಂಗಡಿಯಲ್ಲಿ ಕೊಟ್ಟ ಸಾವಿರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಕಷ್ಟದ ಮಟ್ಟವನ್ನು ನೀವೇ ಆರಿಸುವ ಆಟಗಳು

ನಾಲ್ವರು ಕೂಡಿ ಶತ್ರುಗಳ ವಿರುದ್ಧ ಹೋರಾಡುವ ಹೆಲ್‌ಡೈವರ್ಸ್ 2 ಆಟವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಕಷ್ಟಕ್ಕೂ ಅಂಗಡಿಗೂ ಇರಬೇಕಾದ ನಂಟು ಅದರಲ್ಲಿ ತಕ್ಕಮಟ್ಟಿಗೆ ನ್ಯಾಯವಾಗಿದೆ ಎಂದು ನಾನು ನಂಬುತ್ತೇನೆ. 2024ರ ಫೆಬ್ರವರಿಯಲ್ಲಿ ಬಂದಾಗ ಅದರಲ್ಲಿ ಒಂಬತ್ತು ಕಷ್ಟದ ಮಟ್ಟಗಳಿದ್ದವು, ಅದೇ ವರ್ಷದ ಆಗಸ್ಟ್‌ನಲ್ಲಿ ಹತ್ತನೆಯದು ಸೇರಿತು. ಒಂದು ಮಟ್ಟದಲ್ಲಿ ಗೆದ್ದ ಮೇಲೆಯೇ ಮುಂದಿನದು ತೆರೆಯುತ್ತದೆ. ಹಡಗನ್ನು ಬಲಪಡಿಸಲು ಬೇಕಾದ ಸ್ಯಾಂಪಲ್‌ಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಅವನ್ನು ರಣಭೂಮಿಯಿಂದಲೇ ಹೆಕ್ಕಿ ತರಬೇಕು, ಅಪರೂಪದ ಸೂಪರ್ ಸ್ಯಾಂಪಲ್‌ಗಳಂತೂ ಮೇಲಿನ ಮಟ್ಟಗಳಲ್ಲಿ ಮಾತ್ರ ಸಿಗುತ್ತವೆ. ಅಂದರೆ ಹಣ ಕೊಟ್ಟು ಈ ಏಣಿಯ ಮೆಟ್ಟಿಲು ಹಾರುವಂತಿಲ್ಲ.

ಅಂಗಡಿಯಲ್ಲಿರುವುದು ವಾರ್‌ಬಾಂಡ್‌ಗಳು, ಅಂದರೆ ಹೊಸ ಬಂದೂಕು, ಕವಚ, ಬಾಂಬುಗಳ ಪುಟಗಳಿರುವ ಕಟ್ಟುಗಳು. ಒಂದು ವಾರ್‌ಬಾಂಡ್‌ಗೆ ಸಾಮಾನ್ಯವಾಗಿ 1,000 ಸೂಪರ್ ಕ್ರೆಡಿಟ್ (ಆ ಆಟದ ನಾಣ್ಯ) ಬೇಕು. ಈ ಕ್ರೆಡಿಟ್‌ಗಳನ್ನು ಹಣಕ್ಕೂ ಕೊಳ್ಳಬಹುದು, ಆಟದಲ್ಲಿ ಬಿದ್ದಿರುವುದನ್ನು ಎತ್ತಿಕೊಳ್ಳಲೂಬಹುದು, ಮತ್ತು ತಂಡದಲ್ಲಿ ಒಬ್ಬರು ಎತ್ತಿದರೆ ನಾಲ್ವರಿಗೂ ಜಮಾ ಆಗುತ್ತದೆ. ಕೆಳಗಿನ ಮಟ್ಟಗಳಲ್ಲಿ ಶತ್ರುಗಳು ಕಡಿಮೆ, ನೆಲವೂ ಬೇಗ ಸುತ್ತಿ ಮುಗಿಯುತ್ತದೆ. ಹಾಗಾಗಿ ಸೂಪರ್ ಕ್ರೆಡಿಟ್ ಕೂಡಿಸಬೇಕೆಂದವರು ಒಬ್ಬ ಗೆಳೆಯನನ್ನು ಜತೆಗೆ ಕರೆದುಕೊಂಡು ಸುಲಭದ ಮಟ್ಟದಲ್ಲಿ ಇಳಿದು, ಬಂಕರ್, ಬಿದ್ದ ಪೆಟ್ಟಿಗೆ, ಪಾಳು ನೆಲೆಗಳನ್ನು ಸುತ್ತುತ್ತಾರೆ. ಜತೆಗಾರ ಬೇಕಾಗುವುದು ಏಕೆಂದರೆ ಬಂಕರ್‌ನ ಬಾಗಿಲು ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಮಾತ್ರ ತೆರೆಯುತ್ತದೆ. ವಾರ್‌ಬಾಂಡ್‌ಗೆ ಅವಧಿ ಮುಗಿಯುವ ಭಯವಿಲ್ಲ, ಇಂದು ಕೊಂಡದ್ದನ್ನು ಮುಂದಿನ ವರ್ಷ ಪೂರೈಸಬಹುದು. ಆದ್ದರಿಂದ ಹೊಸಬರು ಮೊದಲು ಉಚಿತವಾಗಿ ಬರುವ ವಾರ್‌ಬಾಂಡನ್ನೇ ಮುಗಿಸಿ, ಐದಾರನೆಯ ಮಟ್ಟದಲ್ಲಿ ದಪ್ಪ ಕವಚದ ಶತ್ರುಗಳನ್ನು ಹೇಗೆ ಹೊಡೆಯಬೇಕೆಂದು ತಿಳಿದು, ತಮ್ಮ ಆಟಕ್ಕೆ ಯಾವ ಆಯುಧ ಕೊರತೆಯಾಗಿದೆ ಎಂದು ಕಂಡುಕೊಂಡ ಮೇಲೆ, ಆ ಆಯುಧ ಇರುವ ಕಟ್ಟನ್ನು ಮಾತ್ರ ಆರಿಸಬೇಕು.

ಕಷ್ಟದ ಮಟ್ಟ ಆರಿಸಲು ನಾನು ಅನುಸರಿಸುವ ಅಳತೆ ಸರಳವಾದದ್ದು. ಮೂರು ಸಲ ಆಡಿದರೆ ಎರಡು ಸಲ ಗೆಲ್ಲುವ ಮಟ್ಟದಲ್ಲಿ ನಿಲ್ಲಿ. ಮೂರೂ ಸಲ ಗೆದ್ದರೆ ಒಂದು ಮೆಟ್ಟಿಲು ಏರಿ, ಮೂರೂ ಸಲ ಸೋತರೆ ಒಂದು ಇಳಿಯಿರಿ. ಅಪರಿಚಿತರ ತಂಡ ಸೇರುವಾಗ ಮಾತ್ರ ನಿಮಗೆ ಹಿಡಿತ ಬಂದಿರುವ ಮಟ್ಟಕ್ಕಿಂತ ಮೇಲೆ ಹೋಗಬೇಡಿ. ಹೆಲ್‌ಡೈವರ್ಸ್ 2ರಲ್ಲಿ ನಿಮ್ಮ ಗುಂಡು ನಿಮ್ಮವರಿಗೂ ತಾಕುತ್ತದೆ, ಕಲಿಯುವವರ ತಪ್ಪಿಗೆ ಉಳಿದ ಮೂವರ ಸಂಜೆ ಹಾಳಾಗುತ್ತದೆ.

ಆಟವನ್ನೇ ಕೊಳ್ಳುವಾಗ

ಉಚಿತ ಆಟಗಳಿಗೆ ಈ ಪ್ರಶ್ನೆ ಇಲ್ಲ. ಬೆಲೆ ಕೊಟ್ಟು ಕೊಳ್ಳುವ ಆಟಗಳಲ್ಲಿ ಸ್ಟ್ಯಾಂಡರ್ಡ್, ಡಿಲಕ್ಸ್, ಅಲ್ಟಿಮೇಟ್ ಎಂದು ಎರಡು ಮೂರು ಆವೃತ್ತಿಗಳಿರುತ್ತವೆ. ಮೇಲಿನ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಇರುವುದು ಕೆಲವು ಸ್ಕಿನ್, ಸ್ವಲ್ಪ ಆಟದ ನಾಣ್ಯ, ಮುಂದೆ ಬರಲಿರುವ ವಿಸ್ತರಣೆಗಳ ಭರವಸೆ, ಕೆಲವೊಮ್ಮೆ ಬಿಡುಗಡೆಗೆ ಒಂದೆರಡು ದಿನ ಮೊದಲೇ ಆಡುವ ಅವಕಾಶ. ಇವುಗಳಲ್ಲಿ ಮುಖ್ಯ ಆಟಕ್ಕೆ ಬೇಕಾದದ್ದು ಯಾವುದೂ ಇರುವುದಿಲ್ಲ. ಒಮ್ಮೆ ನಾವು ನಾಲ್ವರು ಗೆಳೆಯರು ಮಾತಾಡಿಕೊಂಡು ಒಂದು ಆಟದ ಡಿಲಕ್ಸ್ ಆವೃತ್ತಿಯನ್ನೇ ಕೊಂಡೆವು. ಮೂರನೆಯ ವಾರಕ್ಕೆ ಒಬ್ಬನಿಗೆ ರಾತ್ರಿ ಪಾಳಿ ಬಂತು, ಇನ್ನೊಬ್ಬನಿಗೆ ಮಗಳು ಹುಟ್ಟಿದಳು, ಉಳಿದ ನಮ್ಮಿಬ್ಬರಿಗೆ ಆ ಆಟ ಭಾರವಾಯಿತು. ವಿಸ್ತರಣೆ ಹೊರಬರುವ ಹೊತ್ತಿಗೆ ಅದನ್ನು ಆಡುವವರೇ ನಮ್ಮಲ್ಲಿ ಇರಲಿಲ್ಲ. ಅಂದಿನಿಂದ ಸ್ಟ್ಯಾಂಡರ್ಡ್ ಬಿಟ್ಟು ಬೇರೆ ಕೊಂಡಿಲ್ಲ, ಬೇಕೆನಿಸಿದಾಗ ವಿಸ್ತರಣೆಯನ್ನು ಬೇರೆಯಾಗಿಯೇ ಕೊಂಡಿದ್ದೇನೆ.

ಆನ್‌ಲೈನ್ ಆಟಕ್ಕೆ ಜನ ಬೇಕು, ಸರ್ವರ್ ಬೇಕು. ಎರಡರಲ್ಲಿ ಒಂದು ಇಲ್ಲವಾದರೂ ನೀವು ಕೊಂಡದ್ದು ಉಳಿಯುವುದಿಲ್ಲ. ಸೋನಿಯ ಕಾಂಕಾರ್ಡ್ ಆಟ 2024ರ ಆಗಸ್ಟ್ 23ರಂದು ಬಂದು ಸೆಪ್ಟೆಂಬರ್ 6ರಂದು ಮುಚ್ಚಿತು, ಕೊಂಡವರಿಗೆ ಹಣ ಮರಳಿತು ಎಂಬುದು ಒಂದು ಸಮಾಧಾನ. ಯೂಬಿಸಾಫ್ಟ್‌ನ 2014ರ ದಿ ಕ್ರೂ ಆಟದ ಸರ್ವರ್‌ಗಳು 2024ರ ಮಾರ್ಚ್ ಕೊನೆಗೆ ನಿಂತಾಗ, ಒಬ್ಬರೇ ಆಡುವ ಭಾಗವೂ ಸೇರಿದಂತೆ ಇಡೀ ಆಟ ಆಡಲಾಗದಂತಾಯಿತು. ಹೀಗಾಗಿ ಹೊಸ ಆಟವನ್ನು ಮುಂಗಡ ಕಾಯ್ದಿರಿಸುವುದಕ್ಕಿಂತ ಒಂದು ತಿಂಗಳು ಕಾದು, ಸಂಜೆ ಎಂಟರ ಮೇಲೆ ನಮ್ಮ ಭಾಗದ ಸರ್ವರ್‌ನಲ್ಲಿ ಪಂದ್ಯ ಸಿಗಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಆಡುತ್ತಿರುವವರನ್ನು ಕೇಳಿ ಕೊಳ್ಳುವುದು ಜಾಣತನ.

ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡರೆ, 14 ದಿನದೊಳಗೆ ಮತ್ತು 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಆ ಎರಡು ಗಂಟೆಯನ್ನು ಪಾತ್ರದ ಕೂದಲಿನ ಬಣ್ಣ ಆರಿಸುತ್ತ ಕಳೆಯಬೇಡಿ. ಕಲಿಕೆಯ ಭಾಗವನ್ನು ಮುಗಿಸಿದ ಕೂಡಲೇ, ನೀವು ದಿನಾ ಆಡುವ ಹೊತ್ತಿನಲ್ಲೇ, ಜನರೊಡನೆ ಆಡುವ ಪಂದ್ಯಕ್ಕೆ ಇಳಿಯಿರಿ. ಪಿಂಗ್, ಪಂದ್ಯ ಸಿಗುವ ವೇಗ, ಎದುರಾಳಿಗಳ ಮಟ್ಟ ಮೂರೂ ಅಲ್ಲಿ ಗೊತ್ತಾಗುತ್ತವೆ. ಬೇಸಿಗೆ ಮತ್ತು ಚಳಿಗಾಲದ ಸೇಲ್‌ಗಳಲ್ಲಿ ಬೆಲೆ ಗಣನೀಯವಾಗಿ ಇಳಿಯುವುದರಿಂದ ಅವಸರವಿಲ್ಲದವರು ಪಟ್ಟಿಯಲ್ಲಿ ಸೇರಿಸಿಟ್ಟು ಕಾಯಬಹುದು. ಪ್ಲೇಸ್ಟೇಷನ್ ಇರುವವರು ಇನ್ನೊಂದು ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಬೆಲೆ ಕೊಟ್ಟು ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಇತರರೊಡನೆ ಆಡಲು ಸಾಮಾನ್ಯವಾಗಿ ಪ್ಲೇಸ್ಟೇಷನ್ ಪ್ಲಸ್ ಚಂದಾ ಬೇಕು, ಉಚಿತ ಆಟಗಳಿಗೆ ಬೇಡ. ಕಂಪ್ಯೂಟರ್‌ನಲ್ಲಿ ಈ ಚಂದಾ ಇಲ್ಲ.

ಅಂಗಡಿಯ ಒಳಗೆ

ಆಟದ ಅಂಗಡಿಯಲ್ಲಿ ಬೆಲೆ ರೂಪಾಯಿಯಲ್ಲಿ ಇರುವುದು ಅಪರೂಪ. ಬಿಜಿಎಂಐನಲ್ಲಿ ಯುಸಿ, ಫೋರ್ಟ್‌ನೈಟ್‌ನಲ್ಲಿ ವಿ-ಬಕ್ಸ್, ವ್ಯಾಲರಂಟ್‌ನಲ್ಲಿ ವಿಪಿ. ಈ ನಾಣ್ಯದ ಪ್ಯಾಕ್‌ಗಳಿಗೂ ವಸ್ತುಗಳ ಬೆಲೆಗೂ ಸರಿಯಾಗಿ ತಾಳೆಯಾಗುವುದು ಕಡಿಮೆ, ಅದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಿ. ನಿಮಗೆ ಬೇಕಾದ ಉಡುಪಿಗೆ 800 ಕಾಯಿನ್ ಎಂದುಕೊಳ್ಳೋಣ. ಅಂಗಡಿಯಲ್ಲಿರುವ ಪ್ಯಾಕ್‌ಗಳು ಎರಡು: 500 ಕಾಯಿನ್‌ಗೆ 399 ರೂಪಾಯಿ, 1,100 ಕಾಯಿನ್‌ಗೆ 799 ರೂಪಾಯಿ. ಸಣ್ಣದನ್ನು ಎರಡು ಕೊಂಡರೆ 798 ರೂಪಾಯಿ, 200 ಕಾಯಿನ್ ಉಳಿಯುತ್ತದೆ. ಒಂದು ರೂಪಾಯಿ ಹೆಚ್ಚು ಕೊಟ್ಟರೆ ದೊಡ್ಡದೇ ಬರುತ್ತದೆ, 300 ಉಳಿಯುತ್ತದೆ. ಎಲ್ಲರೂ ದೊಡ್ಡದನ್ನೇ ಕೊಳ್ಳುತ್ತಾರೆ. ಕಾಯಿನ್‌ಗೆ ಸುಮಾರು 73 ಪೈಸೆಯಂತೆ ಆ ಉಡುಪಿನ ಬೆಲೆ 581 ರೂಪಾಯಿ ಎಂದು ಮನಸ್ಸು ಲೆಕ್ಕ ಹಾಕಿಕೊಳ್ಳುತ್ತದೆ, ಆದರೆ ನಿಮ್ಮ ಖಾತೆಯಿಂದ ಹೋದದ್ದು 799. ಉಳಿದ 300 ಕಾಯಿನ್‌ಗೆ ಅಂಗಡಿಯಲ್ಲಿ ಏನೂ ಬಾರದಿದ್ದರೆ, ಅದು ಮುಂದಿನ ಖರೀದಿಗೆ ನಿಮ್ಮನ್ನು ಎಳೆಯುವ ಕೊಕ್ಕೆಯಾಗಿ ಉಳಿಯುತ್ತದೆ. ಆದುದರಿಂದ ವಸ್ತುವಿನ ಬೆಲೆ ಎಂದರೆ ಅದನ್ನು ಪಡೆಯಲು ನೀವು ಕೊಡಲೇಬೇಕಾದ ಪ್ಯಾಕ್‌ನ ಪೂರ್ತಿ ಬೆಲೆ ಎಂದು ತಿಳಿದು, ಅಷ್ಟನ್ನು ಒಂದು ಚೀಟಿಯಲ್ಲಿ ರೂಪಾಯಿಯಲ್ಲೇ ಬರೆದು ನೋಡಿ.

ನಿಗದಿತ ಅವಧಿಯ ಸೀಸನ್‌ನಲ್ಲಿ ಮಟ್ಟ ಏರಿದಂತೆ ಬಹುಮಾನ ಕೊಡುವ ಪಾಸ್‌ಗಳ ವಿಷಯದಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಅನುಕೂಲವಿದೆ. ಬಿಜಿಎಂಐನ ರಾಯಲ್ ಪಾಸ್, ಕ್ಲಾಶ್ ಆಫ್ ಕ್ಲಾನ್ಸ್‌ನ ಗೋಲ್ಡ್ ಪಾಸ್, ಫೋರ್ಟ್‌ನೈಟ್‌ನ ಬ್ಯಾಟಲ್ ಪಾಸ್, ಇವುಗಳಲ್ಲೆಲ್ಲ ನೀವು ಉಚಿತ ಸಾಲಿನಲ್ಲಿ ಆಡುತ್ತಿದ್ದಾಗಲೂ ಮಟ್ಟ ಏರುತ್ತಲೇ ಇರುತ್ತದೆ, ಕೊನೆಯ ವಾರದಲ್ಲಿ ಪಾಸ್ ಕೊಂಡರೂ ಅದುವರೆಗೆ ಏರಿದ ಮಟ್ಟಗಳ ಬಹುಮಾನ ಒಟ್ಟಿಗೆ ಸಿಗುತ್ತದೆ. ಹಾಗಾಗಿ ಸೀಸನ್ ಆರಂಭದ ದಿನವೇ ಕೊಳ್ಳುವ ಅಗತ್ಯವೇ ಇಲ್ಲ. ಮೊದಲು ಆಡಿ, ಸೀಸನ್ ಮುಗಿಯಲು ನಾಲ್ಕೈದು ದಿನ ಇರುವಾಗ ನೀವು ತಲುಪಿದ ಮಟ್ಟವನ್ನೂ ಅಲ್ಲಿಯವರೆಗಿನ ಬಹುಮಾನಗಳನ್ನೂ ನೋಡಿ, ಅವು ಬೆಲೆಗೆ ತಕ್ಕವು ಎನಿಸಿದರೆ ಕೊಳ್ಳಿ. ಮೊದಲೇ ಕೊಂಡವರಿಗೆ ಆಟ ಒಂದು ಕೂಲಿಯಾಗುತ್ತದೆ. ದುಡ್ಡು ಕೊಟ್ಟಿದ್ದೇವಲ್ಲ ಎಂದು ದಣಿದ ರಾತ್ರಿಗಳಲ್ಲೂ ಮಿಷನ್ ಮುಗಿಸುತ್ತ ಕೂರುತ್ತಾರೆ. ಉಳಿದ ಮಟ್ಟಗಳನ್ನು ಹಣ ಕೊಟ್ಟು ಏರಿಸಿಕೊಳ್ಳುವ ಗುಂಡಿಯನ್ನು ಮಾತ್ರ ಒತ್ತಲೇಬೇಡಿ.

ತೆರೆದರೆ ಏನು ಬರುತ್ತದೆಂದು ಗೊತ್ತಿಲ್ಲದ ಪೆಟ್ಟಿಗೆಗಳ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಚೀನಾ 2017ರ ಮೇ ತಿಂಗಳಿಂದ ಇವುಗಳ ಸಾಧ್ಯತೆಯ ಅಂಕಿಗಳನ್ನು ಪ್ರಕಟಿಸಲೇಬೇಕೆಂದು ಕಂಪನಿಗಳಿಗೆ ವಿಧಿಸಿತು, ಅದೇ ವರ್ಷದ ಕೊನೆಗೆ ಆಪಲ್ ತನ್ನ ಆಪ್ ಸ್ಟೋರ್‌ನ ನಿಯಮಗಳಲ್ಲೂ ಇದನ್ನು ಸೇರಿಸಿತು. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ತೆರೆಯುವ ಪೆಟ್ಟಿಗೆ ಜೂಜಿನ ಕಾನೂನಿಗೆ ವಿರುದ್ಧವೆಂದೇ ಹೇಳಿತು. ಆದ್ದರಿಂದ ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣದಾಗಿರುವ ಪ್ರಶ್ನಾರ್ಥಕ ಚಿಹ್ನೆಯನ್ನೋ ವಿವರದ ಗುಂಡಿಯನ್ನೋ ಒತ್ತಿ ಅಂಕಿಯನ್ನು ಓದುವುದು ನಿಮ್ಮ ಮೊದಲ ಕೆಲಸ.

ಓದಿದ ಅಂಕಿಯನ್ನು ಅರ್ಥ ಮಾಡಿಕೊಳ್ಳುವುದೂ ಮುಖ್ಯ. ಸಾಧ್ಯತೆ 1% ಎಂದರೆ ನೂರು ಪೆಟ್ಟಿಗೆ ತೆರೆದರೆ ಒಂದು ಸಿಕ್ಕೇ ಸಿಗುತ್ತದೆ ಎಂದಲ್ಲ. ನೂರು ತೆರೆದವರಲ್ಲೂ ಸುಮಾರು 37% ಜನರಿಗೆ ಅದು ಸಿಕ್ಕಿರುವುದಿಲ್ಲ. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಅತಿ ಅಪರೂಪದ, ಐದು ನಕ್ಷತ್ರದ ಪಾತ್ರ ಬರುವ ಮೂಲ ಸಾಧ್ಯತೆ 0.6%, ಒಂದು ವಿಶ್‌ಗೆ, ಅಂದರೆ ಒಂದು ಸಲದ ಪ್ರಯತ್ನಕ್ಕೆ, ಆಟದ ನಾಣ್ಯವಾದ ಪ್ರಿಮೊಜೆಮ್ 160 ಬೇಕು. ಹತ್ತು ವಿಶ್‌ಗೆ 1,600 ಕೊಟ್ಟರೂ ಸಿಗುವ ಸಾಧ್ಯತೆ 6% ಕೂಡ ಮುಟ್ಟುವುದಿಲ್ಲ. ಅದರಲ್ಲಿ ಪಿಟಿ ಎಂಬ ವ್ಯವಸ್ಥೆ ಇರುವುದರಿಂದ 90ನೆಯ ವಿಶ್‌ನೊಳಗೆ ಐದು ನಕ್ಷತ್ರದ್ದು ಒಂದು ಬಂದೇ ಬರುತ್ತದೆ, ಆದರೆ ಅದು ನಿಮಗೆ ಬೇಕಾದ ಪಾತ್ರವೇ ಆಗಿರಬೇಕಾಗಿಲ್ಲ. ಆಗದಿದ್ದರೆ ಮುಂದೆ ಬರುವ ಐದು ನಕ್ಷತ್ರದ್ದು ಅದೇ ಎಂಬುದು ಖಚಿತ. ಹೀಗೆ ಅತಿ ಕೆಟ್ಟ ಲೆಕ್ಕದಲ್ಲಿ 180 ವಿಶ್, ಅಂದರೆ 28,800 ಪ್ರಿಮೊಜೆಮ್ ಬೇಕು. ಆಡುತ್ತ ಗಳಿಸಿದ ಪ್ರಿಮೊಜೆಮ್ ಅಷ್ಟು ಕೂಡುವವರೆಗೆ ಒಂದೂ ವಿಶ್ ಮಾಡದಿರುವುದೇ ಆ ಆಟದ ಹಳಬರ ಕ್ರಮ, ನಾನೂ ಅದನ್ನೇ ಹೇಳುತ್ತೇನೆ. ಈ ನಾಣ್ಯದ ಮೇಲೆ ನಾಣ್ಯದ ಪದರಗಳು ನಿಜವಾದ ಖರ್ಚನ್ನು ಮರೆಮಾಡುತ್ತವೆ ಎಂಬ ಆರೋಪದ ಪ್ರಕರಣದಲ್ಲಿ, 2025ರ ಜನವರಿಯಲ್ಲಿ ಆ ಆಟದ ಪ್ರಕಾಶಕರು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 2 ಕೋಟಿ ಡಾಲರ್ ಕೊಡಲು ಒಪ್ಪಿದರು.

ಕೌಂಟರ್-ಸ್ಟ್ರೈಕ್‌ನ ಪೆಟ್ಟಿಗೆಗಳಲ್ಲಿ ಚಾಕು ಅಥವಾ ಕೈಗವಸು ಬರುವ ಸಾಧ್ಯತೆ 0.26%, ಸರಾಸರಿ 385 ಪೆಟ್ಟಿಗೆಗೆ ಒಂದು. ಆ ಆಟದಲ್ಲಿ ಸ್ಕಿನ್‌ಗಳನ್ನು ಸ್ಟೀಮ್‌ನ ಮಾರುಕಟ್ಟೆಯಲ್ಲಿ ಇತರ ಆಟಗಾರರಿಂದ ನೇರವಾಗಿ ಕೊಳ್ಳಬಹುದಾದ್ದರಿಂದ, ನಿರ್ದಿಷ್ಟ ಸ್ಕಿನ್ ಬೇಕೆನ್ನುವವರು ಪೆಟ್ಟಿಗೆಗೆ ಕೀಲಿ ಕೊಳ್ಳುವ ಬದಲು ಆ ಸ್ಕಿನ್ನನ್ನೇ ಕೊಳ್ಳಲಿ.

ಗಡಿಯಾರ ಓಡುತ್ತಿರುವ ರಿಯಾಯಿತಿಗೆ ಒಂದೇ ಉತ್ತರ, ಒಂದು ರಾತ್ರಿ ಕಾಯುವುದು. ವ್ಯಾಲರಂಟ್‌ನ ಅಂಗಡಿ 24 ಗಂಟೆಗೊಮ್ಮೆ ನಾಲ್ಕು ಹೊಸ ಸ್ಕಿನ್ ತೋರಿಸುತ್ತದೆ. ಇಂದು ಹೋದದ್ದು ಇನ್ನೊಂದು ದಿನ ಮತ್ತೆ ಬರಬಹುದು. ಸುಳ್ಳು ಅವಸರ ಹುಟ್ಟಿಸುವುದನ್ನು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ವಂಚಕ ವಿನ್ಯಾಸಗಳಲ್ಲಿ ಒಂದೆಂದು ಹೆಸರಿಸಿದೆ, ಬಿಡಿಸಿಕೊಳ್ಳಲಾಗದ ಚಂದಾವೂ ಅದೇ ಪಟ್ಟಿಯಲ್ಲಿದೆ.

ಹಣ ಕೊಡುವ ದಾರಿ

ನನ್ನ ಅಕ್ಕನ ಮಗ ಹದಿಮೂರು ವರ್ಷದವನಿದ್ದಾಗ ಅಮ್ಮನ ಫೋನಿನಲ್ಲಿ ಒಂದು ಆಟದ ತಿಂಗಳ ಚಂದಾವನ್ನು ಅವಳನ್ನು ಕೇಳಿಯೇ ಶುರುಮಾಡಿದ್ದ. ಒಂದು ತಿಂಗಳಿಗೆ ಎಂದು ಅಕ್ಕ ಒಪ್ಪಿದ್ದಳು. ಆಟವನ್ನು ಅಳಿಸಿಹಾಕಿದ ಮೇಲೂ ಏಳು ತಿಂಗಳು ಹಣ ಹೋಗುತ್ತಲೇ ಇತ್ತು, ಅದು ಕಣ್ಣಿಗೆ ಬಿದ್ದದ್ದು ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ. ಆಟವನ್ನು ಫೋನಿನಿಂದ ತೆಗೆದರೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರ್‌ನ ಚಂದಾಗಳ ಪುಟಕ್ಕೋ, ಯುಪಿಐ ಆ್ಯಪ್‌ನ ಆಟೊಪೇ ಪುಟಕ್ಕೋ ಹೋಗಿ ಅಲ್ಲಿ ರದ್ದು ಮಾಡಬೇಕು. ಒಮ್ಮೆ ಒಪ್ಪಿಗೆ ಕೊಟ್ಟ ತಿಂಗಳ ಪಾವತಿಗೆ 15,000 ರೂಪಾಯಿವರೆಗೆ ಪ್ರತಿ ತಿಂಗಳು ಒಟಿಪಿ ಕೇಳುವುದಿಲ್ಲ ಎಂಬುದನ್ನೂ, ಹಣ ಹೋಗುವ ಒಂದು ದಿನ ಮೊದಲು ಬರುವ ಸಂದೇಶವನ್ನು ಓದದೆ ಬಿಡಬಾರದೆಂಬುದನ್ನೂ ಮನೆಯ ಹಿರಿಯರಿಗೆ ತಿಳಿಸಿ.

ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಪ್ಲೇ ಸ್ಟೋರ್‌ನಲ್ಲಿ ಹೊಂದಿಸಿ, ಹೆತ್ತವರಿಗಾಗಿ ಗೂಗಲ್ ಕೊಡುವ ಫ್ಯಾಮಿಲಿ ಲಿಂಕ್ ಆ್ಯಪ್ ಇದ್ದರೆ ಒಪ್ಪಿಗೆ ನಿಮ್ಮ ಫೋನಿಗೇ ಬರುವಂತೆ ಮಾಡಿ. ಬಿಜಿಎಂಐ 2021ರಲ್ಲಿ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ, 7,000 ರೂಪಾಯಿಯ ಖರ್ಚಿನ ಮಿತಿ ಹಾಕಿತ್ತು. ದಿನಕ್ಕೆ ಏಳು ಸಾವಿರ ಯಾವ ಮನೆಗೂ ಮಿತಿಯಲ್ಲ, ಆ ಮಿತಿಯನ್ನು ನೀವೇ ಹಾಕಬೇಕು. ತಪ್ಪಿ ಕೊಂಡದ್ದಾದರೆ 48 ಗಂಟೆಯೊಳಗೆ ಗೂಗಲ್ ಪ್ಲೇಯಲ್ಲೇ ಹಣ ವಾಪಸು ಕೇಳಬಹುದು, ನಿಮ್ಮ ಅರಿವಿಲ್ಲದೆ ಬೇರೆಯವರು ನಿಮ್ಮ ಖಾತೆಯಿಂದ ಕೊಂಡಿದ್ದರೆ ದೂರು ಕೊಡಲು 120 ದಿನ ಇದೆ. ಕೊಂಡ ನಾಣ್ಯವನ್ನು ಅಷ್ಟರಲ್ಲಿ ಖರ್ಚು ಮಾಡಬೇಡಿ.

ಅರ್ಧ ಬೆಲೆಗೆ ಯುಸಿ ಹಾಕಿಸಿಕೊಡುತ್ತೇನೆ ಎನ್ನುವವರ ಬಳಿಗೆ ಹೋಗಲೇಬೇಡಿ. ಅವರು ಆಟದ ಲಾಗಿನ್ ಕೇಳುತ್ತಾರೆ, ಒಟಿಪಿ ಕೇಳುತ್ತಾರೆ. ಹಣವೂ ಖಾತೆಯೂ ಹೋಗುತ್ತದೆ, ಕದ್ದ ಕಾರ್ಡಿನಿಂದ ಹಾಕಿದ ನಾಣ್ಯವೆಂದು ಗೊತ್ತಾದರೆ ಕಂಪನಿ ನಿಮ್ಮನ್ನೇ ನಿಷೇಧಿಸಬಹುದು. ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಕೊಂಡ ವಸ್ತು ಬಾರದಂಥ ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ.

ಅಕ್ಕನ ಮನೆಯಲ್ಲಿ ಈಗ ಕಾರ್ಡೂ ಇಲ್ಲ, ಆಟೊಪೇಯೂ ಇಲ್ಲ. ತಿಂಗಳ ಮೊದಲ ಭಾನುವಾರ 200 ರೂಪಾಯಿಯ ಗೂಗಲ್ ಪ್ಲೇ ಗಿಫ್ಟ್ ಕೋಡ್ ಒಂದನ್ನು ಅವನ ಖಾತೆಗೆ ಹಾಕುತ್ತಾಳೆ, ಅದು ಮುಗಿದರೆ ಮುಂದಿನ ತಿಂಗಳವರೆಗೆ ಇಲ್ಲ. ಹುಡುಗ ಅದನ್ನು ಕೂಡಿಡಲು ಕಲಿತಿದ್ದಾನೆ. ಕಳೆದ ಸೀಸನ್ ಮುಗಿಯಲು ಮೂರು ದಿನ ಇದ್ದಾಗ ಪಾಸ್‌ನ ಪುಟ ತೆರೆದು ನನಗೆ ತೋರಿಸಿದ. ಪರೀಕ್ಷೆಯ ಕಾರಣ ಹೆಚ್ಚು ಆಡಲಾಗದೆ ಮೂವತ್ತನೆಯ ಮಟ್ಟದ ಆಸುಪಾಸಿನಲ್ಲೇ ನಿಂತಿದ್ದ, ಅವನಿಗೆ ಬೇಕಿದ್ದ ಜಾಕೆಟ್ ಐವತ್ತರಲ್ಲಿತ್ತು. ಒಂದಷ್ಟು ಹೊತ್ತು ನೋಡಿ ಪುಟ ಮುಚ್ಚಿದ, ದುಡ್ಡು ಖಾತೆಯಲ್ಲೇ ಉಳಿಯಿತು.